ಎಕೆ-56: ಒಂಬತ್ತು ಹೆಚ್ಚಾದರೆ ಜೋರೂ ಹೆಚ್ಚೇ?

ಡೊಂಬಿವಲಿಯ ಓದುಗರೊಬ್ಬರು ಒಂದೇ ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದಾರೆ. ಮೊದಲನೆಯದು: ‘ಸಂಜಯ್ ದತ್ ಕೇಸಿನಲ್ಲಿ ಎಕೆ-56 ಅಂತ ಬರುತ್ತದೆ, ಕಸಬನ ಕೇಸಿನಲ್ಲಿ ಎಕೆ-47 ಅಂತ. 56 ಎಂದರೆ ಹೊಸದು, ಹೆಚ್ಚು ಜೋರಿನದು, ಅಲ್ಲವೇ?’ ಎರಡನೆಯದು: ‘ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗನಿಗೆ ಹಳೆಯ ರಷ್ಯನ್ ಬಂದೂಕುಗಳನ್ನು ಕೂಡಿಡುವ ಹುಚ್ಚು. ಮೊಟ್ಟಮೊದಲಿನ ಎಕೆ ಮಾತ್ರ ಎಲ್ಲೂ ಸಿಗುವುದಿಲ್ಲ ಅನ್ನುತ್ತಾನೆ. ಕೋಟಿಗಟ್ಟಲೆ ಮಾಡಿದ ವಸ್ತು ಸಿಗದೆ ಇರುವುದೆಂದರೇನು?’

ಪತ್ರ ಓದಿ ಖುಷಿಯಾಯಿತು. ಮಾವ, ಅಳಿಯ ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ: ಬಂದೂಕಿನ ಮಧ್ಯಭಾಗದ ಉಕ್ಕಿನ ಪೆಟ್ಟಿಗೆಯಲ್ಲಿ.

ಮೊದಲು ಅಂಕಿಯ ಭ್ರಮೆ ಕಳೆಯೋಣ. 56 ಶಕ್ತಿಯ ಲೆಕ್ಕವಲ್ಲ, ಇಸವಿ. 1956ರಲ್ಲಿ ಚೀನಾದ ಸೇನೆ ಒಪ್ಪಿಕೊಂಡ ಮಾದರಿ ಎಂದಷ್ಟೇ ಅರ್ಥ. ಅದೇ ವರ್ಷ ಚೀನಾ ಇನ್ನೊಂದು ರಷ್ಯನ್ ಬಂದೂಕಿನ, ಅಂದರೆ ಎಸ್‌ಕೆಎಸ್ ಕಾರ್ಬೈನಿನ ನಕಲಿಗೂ ‘56ನೇ ಮಾದರಿ’ ಎಂದೇ ಹೆಸರಿಟ್ಟಿತು. ರಷ್ಯನ್ ಲಘು ಮಷಿನ್‌ಗನ್ನಿನ ನಕಲಿಗೂ ಅದೇ ಹೆಸರು. ಮೂರು ಬೇರೆ ಬೇರೆ ಆಯುಧ, ಮೂರಕ್ಕೂ 56! ಇನ್ನು 47 ಎನ್ನುವುದು ಪರೀಕ್ಷೆಗೆ ತಯಾರಾದ ಮಾದರಿಯ ವರ್ಷ. ಸೋವಿಯತ್ ಸೇನೆ ಅದನ್ನು ಒಪ್ಪಿಕೊಂಡದ್ದು 1949ರಲ್ಲಿ, ಬರಿಯ ‘ಎಕೆ’ ಎಂಬ ಹೆಸರಿನಲ್ಲಿ. ಎರಡಕ್ಕೂ ತುಂಬುವ ಗುಂಡು ಒಂದೇ, 7.62×39. ಎರಡರದೂ ಮೂವತ್ತು ಗುಂಡಿನ ಮ್ಯಾಗಜಿನ್, ಎರಡರಲ್ಲೂ ಗುಂಡು ನಳಿಗೆ ಬಿಡುವ ವೇಗ ಸೆಕೆಂಡಿಗೆ ಸುಮಾರು 700 ಮೀಟರ್. ಹಾಗಾಗಿ ‘56 ಬಂತೆಂದರೆ 47ನ್ನು ಮೂಲೆಗಿಡು’ ಎಂಬ ಸಿನಿಮಾ ಡೈಲಾಗನ್ನು ನಂಬಬೇಡಿ. ಸಿನಿಮಾದವರಿಗೆ ಹ್ಯಾಂಡ್ ಪಂಪಿಗೂ ಗುಂಡು ತಾಗಿದರೆ ಬೆಂಕಿ ಹತ್ತುತ್ತದೆ.

ಈಗ ಪೆಟ್ಟಿಗೆಗೆ ಬರುತ್ತೇನೆ. ನಳಿಗೆ ಮುಂದೆ, ಮರದ ಬಟ್ಟು ಹಿಂದೆ, ನಡುವೆ ಬೋಲ್ಟು, ಸ್ಪ್ರಿಂಗು, ಕುದುರೆ ಎಲ್ಲವನ್ನೂ ಹೊತ್ತ ಉದ್ದನೆಯ ಉಕ್ಕಿನ ಒಡಲಿಗೆ ರಿಸೀವರ್ ಎನ್ನುತ್ತಾರೆ. ಎಕೆಯನ್ನು ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ ಮತ್ತವರ ಸಂಗಡಿಗರ ಮೂಲ ಯೋಜನೆಯಲ್ಲಿ ಇದು ತಗಡಿನದು. ನಮ್ಮ ಡಬ್ಬಾವಾಲಾಗಳು ಹೊರುವ ಊಟದ ಡಬ್ಬಿಯ ಹಾಗೆ, ತಗಡಿನ ಹಾಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಮಡಚಿದರೆ ಮುಗಿಯಿತು. ಅಗ್ಗ, ಹಗುರ, ಬೇಗ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಇಝೆವ್‌ಸ್ಕ್ ಕಾರ್ಖಾನೆಯಲ್ಲಿ ಕೆಲಸ ಶುರುವಾದಾಗ ಎಡವಟ್ಟಾಯಿತು. ಬೋಲ್ಟು ಹಿಂದಕ್ಕೆ ಮುಂದಕ್ಕೆ ಓಡಲು ಪೆಟ್ಟಿಗೆಯ ಒಳಗೋಡೆಗೆ ಎರಡು ಸಣ್ಣ ಹಳಿ ಬೇಕು. ತೆಳು ತಗಡಿಗೆ ಈ ಹಳಿಗಳನ್ನು ಬೆಸೆಯುವುದು ಸರಿಹೋಗಲಿಲ್ಲ. ಬೆಸುಗೆಯ ಕಾವಿಗೆ ತಗಡು ಒಂದು ಕೂದಲೆಳೆ ಸೊಟ್ಟಗಾದರೂ ಬೋಲ್ಟು ಸಿಕ್ಕಿಕೊಳ್ಳುತ್ತದೆ. ತಯಾರಾದವುಗಳಲ್ಲಿ ತಿರಸ್ಕಾರವಾಗುವವೇ ವಿಪರೀತ. ಉತ್ಪಾದನೆ ನಿಲ್ಲಿಸುವಂತಿಲ್ಲ, ಏಕೆಂದರೆ ಕಾಲ ಸ್ಟಾಲಿನ್‌ನದು.

ಆಗ ಅವರು ಹುಡುಕಿದ ದಾರಿ ನನಗೆ ಇಡೀ ಕಥೆಯಲ್ಲೇ ಬಹಳ ಇಷ್ಟವಾದ ಭಾಗ. ಇಝೆವ್‌ಸ್ಕ್‌ನಲ್ಲಿ ದಶಕಗಳಿಂದ ತಯಾರಾಗುತ್ತಿದ್ದದ್ದು ಮೊಸಿನ್-ನಾಗಾಂತ್ ರೈಫಲ್. ತ್ಸಾರ್ ಕಾಲದ, 1891ರ ಮಾದರಿ. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟು ಎಳೆಯಬೇಕಾದ ಉದ್ದ ಬಂದೂಕು. ಅದರ ರಿಸೀವರ್ ತಗಡಿನದಲ್ಲ. ಗಟ್ಟಿ ಉಕ್ಕಿನ ತುಂಡನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆದು, ಕೆತ್ತಿ ಮಾಡಿದ್ದು. ಆ ಯಂತ್ರಗಳೂ ಅವನ್ನು ನಡೆಸಿ ಪಳಗಿದ ಕೈಗಳೂ ಅಲ್ಲೇ ಇದ್ದವು. ಹೊಸ ಬಂದೂಕಿನ ಒಡಲನ್ನೂ ಹಾಗೇ ಕೊರೆಯಿರಿ ಎಂದರು. 1951ರಿಂದ ಕೊರೆದ ಒಡಲಿನ ಎಕೆ ಬರತೊಡಗಿತು. ಉಕ್ಕಿನ ಬಹುಪಾಲು ಚೂರುಚೂರಾಗಿ ನೆಲದ ಪಾಲು, ಖರ್ಚೂ ಹೆಚ್ಚು, ತೂಕವೂ ಹೆಚ್ಚು. ಆದರೆ ಪೆಟ್ಟಿಗೆ ಸೊಟ್ಟಗಾಗುವುದು ನಿಂತಿತು. ಆಧುನಿಕತೆಯ ಗುರುತೆಂದು ಜಗತ್ತು ಕೊಂಡಾಡಿದ ಆಯುಧ ಕಾರ್ಖಾನೆಯಿಂದ ಹೊರಬಿದ್ದದ್ದು ತ್ಸಾರ್ ಕಾಲದ ಬಂದೂಕಿನ ಲೇತು-ಮಿಲ್ಲಿಂಗುಗಳ ಕೃಪೆಯಿಂದ!

ತಗಡಿನ ಸಮಸ್ಯೆ ಬಗೆಹರಿದದ್ದು 1959ರಲ್ಲಿ, ಎಕೆಎಂ ಎಂಬ ಸುಧಾರಿತ ಮಾದರಿಯಲ್ಲಿ. ಈ ಸಲ ಒಂದು ಮಿಲಿಮೀಟರ್ ತಗಡು, ಗಟ್ಟಿಯಾದ ರಿವೆಟ್ಟುಗಳು. ತೂಕದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಉಳಿತಾಯ. ಇಂದು ‘ಎಕೆ-47’ ಎಂದು ಫೋಟೊದಲ್ಲಿ ಕಾಣುವ ರಷ್ಯನ್ ಬಂದೂಕು ಬಹುಪಾಲು ಈ ಎಕೆಎಂ.

ಅಳಿಯನಿಗೆ ಉತ್ತರ ಇಲ್ಲಿ ಸಿಕ್ಕಿತು. ಅವನು ಹುಡುಕುತ್ತಿರುವುದು 1949ರಿಂದ 1951ರ ನಡುವಿನ, ಸೋತ ತಗಡಿನ ಎಕೆ. ಆಗ ತಯಾರಾದದ್ದೇ ಕಡಿಮೆ, ಹೊರದೇಶಕ್ಕೆ ಹೋದದ್ದಂತೂ ಇಲ್ಲವೆನ್ನುವಷ್ಟು ವಿರಳ. ಅಮೆರಿಕದಲ್ಲಿಯೂ 1986ರ ಮೇ ತಿಂಗಳ ನಂತರ ನೋಂದಣಿಯಾದ ಸ್ವಯಂಚಾಲಿತ ಬಂದೂಕನ್ನು ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಅಲ್ಲಿನ ಸಂಗ್ರಾಹಕರು ಬಿಡಿಭಾಗಗಳ ಹಿಂದೆ ಬೀಳುತ್ತಾರೆ. ಆರಂಭದ ಮ್ಯಾಗಜಿನ್ ಗುರುತಿಸುವುದು ಸುಲಭ: ಅದರ ಪಕ್ಕಗಳು ನುಣ್ಣಗೆ, ಸಪಾಟು. ನಮಗೆ ಪರಿಚಿತವಾದ ಏಣುಗಳು ಮೂಡಿದ್ದು ಆಮೇಲೆ, ತೂಕ ಇಳಿಸಲಿಕ್ಕೆ.

ಮಾವನಿಗೆ ಉತ್ತರವೂ ಇಲ್ಲೇ ಇದೆ. ರಷ್ಯ ಚೀನಾಕ್ಕೆ ನಕ್ಷೆ, ತಂತ್ರ ಕೊಟ್ಟದ್ದು ಐವತ್ತರ ದಶಕದ ಮಧ್ಯದಲ್ಲಿ, ಅಂದರೆ ಕೊರೆದ ಒಡಲಿನ ಕಾಲದಲ್ಲಿ. ಎಕೆಎಂ ಬರುವ ಹೊತ್ತಿಗೆ ಮಾಸ್ಕೊ-ಪೀಕಿಂಗ್ ಸಂಬಂಧ ಹಳಸಿತ್ತು. ಚೀನೀಯರು ಕೈಯಲ್ಲಿದ್ದ ಹಳೆಯ ನಕ್ಷೆಯನ್ನೇ ಹಿಡಿದು ಕೂತರು. ಮುಂದೆ ತಗಡಿಗೆ ಇಳಿದಾಗಲೂ ತಮ್ಮದೇ ದಾರಿ ಮಾಡಿಕೊಂಡು ಒಂದೂವರೆ ಮಿಲಿಮೀಟರ್ ದಪ್ಪದ ತಗಡು ಹಾಕಿದರು. ಹೀಗಾಗಿ ಅಂಕಿಯಲ್ಲಿ ‘ಹೊಸದು’ ಎನಿಸುವ 56 ಸ್ವಭಾವದಲ್ಲಿ ಹಳೆಯದು. ರಷ್ಯನ್ನರು ಬಿಟ್ಟುಬಿಟ್ಟ ಆರಂಭದ ಎಕೆಯ ಎಷ್ಟೋ ಲಕ್ಷಣ ಅದರಲ್ಲಿ ಹಾಗೇ ಉಳಿದಿವೆ.

ಗುರುತಿಸುವುದು ಹೇಗೆ? ಮುಂಬಯಿಯ ವಿ.ಟಿ. ಸ್ಟೇಷನ್ನಿನಲ್ಲಿ (ನಮ್ಮ ಬಾಯಿಗೆ ಸಿ.ಎಸ್.ಎಂ.ಟಿ. ಇನ್ನೂ ಬಂದಿಲ್ಲ) ಲೋಕಲ್ ಕಾಯುವಾಗ ಪಹರೆಯವರ ಹೆಗಲ ಮೇಲಿನ ಬಂದೂಕು ನೋಡುವುದು ನನ್ನ ಚಾಳಿ. ಹೆಚ್ಚು ಹೊತ್ತು ದಿಟ್ಟಿಸಿದರೆ ಅವರೂ ನಮ್ಮನ್ನು ದಿಟ್ಟಿಸುತ್ತಾರೆ, ಜಾಗ್ರತೆ. ನೋಡಬೇಕಾದ್ದು ನಳಿಗೆಯ ತುದಿಯನ್ನು. ಗುರಿ ಹಿಡಿಯುವ ಮೊಳೆಯ ಎರಡೂ ಬದಿಗೆ ಕಿವಿಗಳು ಎದ್ದು, ಮೇಲುಗಡೆ ತೆರೆದಿದ್ದರೆ ರಷ್ಯನ್ ಸಂತತಿ. ಕಿವಿಗಳು ಮೇಲೆ ಕೂಡಿ ಪೂರ್ತಿ ಉಂಗುರವಾಗಿದ್ದರೆ ಚೀನಾದ್ದು. ನಳಿಗೆಯ ಕೆಳಗೆ ದಬ್ಬಳದಂಥ ಮೊನೆಯ ಬಯೊನೆಟ್ ಮಡಚಿಕೊಂಡಿದ್ದರೆ ಅನುಮಾನವೇ ಬೇಡ. ಪೆಟ್ಟಿಗೆಯ ಮೇಲುಮುಚ್ಚಳ ಎಕೆಎಂನಲ್ಲಿ ಏಣೇಣು, 56ರಲ್ಲಿ ನುಣುಪು. ಮ್ಯಾಗಜಿನ್ನಿನ ಮೇಲುಗಡೆ ಒಡಲಿನಲ್ಲಿ ಉದ್ದನೆಯ ಆಯತಾಕಾರದ ತಗ್ಗು ಕಂಡರೆ ಅದು ಕೊರೆದ ಉಕ್ಕು. ಬೆರಳಿನಿಂದ ಒತ್ತಿದಂಥ ಚಿಕ್ಕ ಕುಳಿ ಕಂಡರೆ ಎಕೆಎಂನ ತಗಡು. ಕೈಗೆ ಸಿಕ್ಕರೆ ಮುದ್ರೆ ಓದಬಹುದು: ತ್ರಿಕೋನದೊಳಗೆ 66 ಎಂದಿದ್ದರೆ ಚೀನಾದ 66ನೇ ಕಾರ್ಖಾನೆ, ತ್ರಿಕೋನದೊಳಗೆ ಬಾಣವಿದ್ದರೆ ಇಝೆವ್‌ಸ್ಕ್.

ಮುಂಬಯಿಯಲ್ಲಿ ಈ ವಿದ್ಯೆ ಹವ್ಯಾಸವಲ್ಲ, ಕಲಿನಾದ ವಿಧಿವಿಜ್ಞಾನ ಪ್ರಯೋಗಾಲಯದ ನಿತ್ಯದ ಕೆಲಸ. 1992ರ ಸೆಪ್ಟೆಂಬರಿನಲ್ಲಿ ಜೆ.ಜೆ. ಆಸ್ಪತ್ರೆಯ ವಾರ್ಡಿನೊಳಗೆ ಹಂತಕರು ನುಗ್ಗಿ ಗುಂಡು ಹಾರಿಸಿದಾಗ ಊರಿಗೆ ಎಕೆಯ ಸದ್ದು ಚೆನ್ನಾಗಿ ಕೇಳಿಸಿತು. 1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ 257 ಜನ ಸತ್ತರು; ಅದಕ್ಕೆ ಮುಂಚೆ ರಾಯಗಢ ಕರಾವಳಿಯ ದಿಘಿ, ಶೇಖಾಡಿಗಳಲ್ಲಿ ಇಳಿದ ಸರಕಿನಿಂದಲೇ ‘ಎಕೆ-56’ ನಮ್ಮ ಮನೆಮಾತಾದದ್ದು. ನಟ ಸಂಜಯ್ ದತ್ ಕೇಸಿನಲ್ಲಿ ಬಂದೂಕನ್ನು ಕತ್ತರಿಸಿ ನಾಶ ಮಾಡಿಸಲಾಗಿತ್ತು. ಪೊಲೀಸರಿಗೆ ಸಿಕ್ಕ ಮುದ್ದೆಮಾಲು ಒಂದು ಸ್ಪ್ರಿಂಗು, ಒಂದು ಸರಳು. ಭಯೋತ್ಪಾದನೆಯ ಸಂಚಿನ ಆರೋಪದಿಂದ ದತ್ ಖುಲಾಸೆಯಾದರು. ಶಸ್ತ್ರಾಸ್ತ್ರ ಕಾಯಿದೆಯ ಅಪರಾಧ ಉಳಿಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿತು. 1995ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಆಕಾಶದಿಂದ ಎಕೆಗಳನ್ನು ಉದುರಿಸಿದ ಆಂಟನೋವ್ ವಿಮಾನವನ್ನು ವಾಪಸು ಹೋಗುವಾಗ ಇಳಿಸಿದ್ದೂ ಇದೇ ಮುಂಬಯಿಯಲ್ಲಿ. ಆ ಸರಕು ಹೊರಟದ್ದು ಬಲ್ಗೇರಿಯದಿಂದ. ರಷ್ಯನ್ನರು ಕೈಬಿಟ್ಟ ಕೊರೆದ ಒಡಲನ್ನು ಬಿಡದೆ ಮುಂದುವರಿಸಿದ ದೇಶ ಅದು. ಅಲ್ಲಿನ ಕಾರ್ಖಾನೆಯ ಮುದ್ರೆ ವೃತ್ತದೊಳಗಿನ 10.

2008ರ ನವೆಂಬರ್ 26ರಂದು ಇದೇ ವಿ.ಟಿ.ಯಲ್ಲಿ ಉಗ್ರರ ಎಕೆಗಳಿಗೆ ಎದುರಾಗಿ ನಿಂತ ಪೊಲೀಸರ ಕೈಯಲ್ಲಿ ಲಾಠಿ ಮತ್ತು ಪಾಯಿಂಟ್ 303. ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸ್ ಸಿಬ್ಬಂದಿ ತುಕಾರಾಮ್ ಓಂಬ್ಳೆ ಆ ಉಗ್ರರಲ್ಲೊಬ್ಬನಾದ ಕಸಬನ ಬಂದೂಕಿನ ನಳಿಗೆಯನ್ನೇ ತಬ್ಬಿ ಹಿಡಿದು ಪ್ರಾಣ ಕೊಟ್ಟರು. ಅವರೆದುರು ಅದು 47 ಆಗಿದ್ದರೇನು, 56 ಆಗಿದ್ದರೇನು.

ಇನ್ನೊಂದು ಮಾತು, ಸ್ವಲ್ಪ ಗದರಿಕೆ. ಎಕೆ ಎಂದೂ ಕೆಡದ ಬ್ರಹ್ಮಾಸ್ತ್ರ ಎಂಬ ನಂಬಿಕೆ ನಮ್ಮಲ್ಲಿ ದೇವರಿಗಿಂತ ಗಟ್ಟಿ. ಕೆಡುತ್ತದೆ. ಅದು ಕೆಸರು ತಾಳುವುದು ಭಾಗಗಳ ನಡುವೆ ಬಿಟ್ಟ ಸಡಿಲಿನಿಂದ, ಉಪ್ಪುಗಾಳಿ ತಾಳುವುದು ನಳಿಗೆಯ ಒಳಗಿನ ಕ್ರೋಮಿಯಂ ಲೇಪದಿಂದ. ಹೊರಮೈಗೆ ಆ ರಕ್ಷಣೆ ಇಲ್ಲ. ಆಯುಧಪೂಜೆಯ ದಿನ ಬಂದೂಕಿನ ಮೇಲೆ ನಿಂಬೆಹಣ್ಣು ಹಿಂಡುವವರು ತಿಳಿಯಬೇಕು: ಉಕ್ಕಿನ ಕಪ್ಪು ಲೇಪವನ್ನು ತಿನ್ನುವುದರಲ್ಲಿ ನಿಂಬೆರಸ ನಿಸ್ಸೀಮ. ಪೂಜೆ ಮಾಡಿ, ಹೂ ಇಡಿ; ನಿಂಬೆಯನ್ನು ಪಾನಕಕ್ಕೆ ಇಟ್ಟುಕೊಂಡು ಬಂದೂಕಿಗೆ ಎಣ್ಣೆ ಹಚ್ಚಿ.

ನಮ್ಮಲ್ಲಿ ಯಾರಾದರೂ ಇದನ್ನು ಸಂಗ್ರಹಿಸಬಹುದೇ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಸ್ವಯಂಚಾಲಿತ ಬಂದೂಕು ನಿಷೇಧಿತ ಆಯುಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು. ಪುರಾತನ ವಸ್ತುವೆಂಬ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರದ ಬಂದೂಕಿಗೆ ಮಾತ್ರ. ಫೋಟೊ, ಪುಸ್ತಕ ಕೂಡಿಡಲು ಅಡ್ಡಿಯಿಲ್ಲ.

ಕಡೆಗೆ ಪತ್ರಿಕೆಯ ಡೆಸ್ಕಿನಲ್ಲಿರುವ ಗೆಳೆಯರಿಗೆ ಒಂದು ವಿನಂತಿ. ಎಲ್ಲಾದರೂ ಬಂದೂಕು ಸಿಕ್ಕಿತೆಂದು ಸುದ್ದಿ ಬಂದ ತಕ್ಷಣ 47 ಎಂದೋ 56 ಎಂದೋ ಹೆಡ್‌ಲೈನು ಕಟ್ಟಬೇಡಿ. ತಜ್ಞರು ಪರೀಕ್ಷಿಸಿ ಹೇಳುವವರೆಗೆ ‘ಎಕೆ ಮಾದರಿಯ ರೈಫಲ್’ ಎಂದು ಬರೆದರೆ ಸಾಕು.