ಕಿಟಕಿಯ ಬಳಿಯ ಗಿಡ

ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆ ಗಿಡ ಸಾಕುವುದನ್ನು ಯಾರೂ ಕಲಿಸಬೇಕಾಗಿಲ್ಲವೆಂದು ನಾನು ತಿಳಿದಿದ್ದೆನು. ಹಳಿಯಾಳ ತಾಲ್ಲೂಕಿನ ನಮ್ಮ ಹೊಲದಲ್ಲಿ ಭತ್ತವೂ ಕಬ್ಬೂ ಬೆಳೆಯುತ್ತವೆ. ಆದರೆ ದಾಂಡೇಲಿಯ ಬಾಡಿಗೆಯ ಕೋಣೆಯಲ್ಲಿದ್ದ ಒಂದೇ ಒಂದು ಕುಂಡವು ನನ್ನ ಈ ಅಹಂಕಾರವನ್ನು ಮುರಿಯಿತು.

ಆ ಗಿಡವು ನನ್ನದಲ್ಲ. ಜೋಯಿಡಾ ಕಡೆಯ ಗೆಳತಿಯೊಬ್ಬಳು ಎರಡನೆಯ ವರ್ಷದ ಕೊನೆಗೆ, ಮನೆಯ ತೊಂದರೆಯಿಂದ ಓದು ನಿಲ್ಲಿಸಿ ಊರಿಗೆ ಹೊರಟಾಗ, ತನ್ನ ಮನಿ ಪ್ಲಾಂಟನ್ನು ನನ್ನ ಕೈಗಿತ್ತು, "ಇದನ್ನಾದರೂ ಸಾಯಲು ಬಿಡಬೇಡ" ಎಂದಳು. ನಾನು ನಿಷ್ಠೆಯಿಂದ ದಿನವೂ ಒಂದು ತಂಬಿಗೆ ನೀರು ಹಾಕುತ್ತ ಬಂದೆನು. ಶ್ರಾವಣದ ಹೊತ್ತಿಗೆ ಎಲೆಗಳು ಒಂದೊಂದಾಗಿ ಹಳದಿಯಾದವು. ಬಾಯಾರಿಕೆಯೆಂದು ಬಗೆದು ಎರಡು ತಂಬಿಗೆ ಹಾಕಿದೆನು. ಬುಡವು ಮೆತ್ತಗಾಗಿ ನಾರತೊಡಗಿತು.

ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆನು. ಅವಳು ಕೇಳಿದ್ದು ಒಂದೇ ಮಾತು: "ಮಣ್ಣ ಮುಟ್ಟಿ ನೋಡಿದ್ಯೇನ?" ನಮ್ಮ ಮನೆತನದಲ್ಲಿಯೇ ಮೊದಲು ಕಾಲೇಜು ಕಂಡ ನಾನು ಅದನ್ನು ಮಾತ್ರ ಮಾಡಿರಲಿಲ್ಲ.

ವಿಷಯ ಹೀಗಿದೆ. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ತೆರಪನ್ನೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಬೂಷ್ಟು ಹಿಡಿದು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದಲೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದಂತೆ ಬಾಡುತ್ತದೆ. ಅಂಗಳದ ತುಳಸಿಗೆ ಬಿಸಿಲು, ಗಾಳಿಗಳಿರುವುದರಿಂದ ನಿತ್ಯದ ನೀರು ಒಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ, ಉಟ್ಟ ಬಟ್ಟೆಯೇ ಒಣಗದ ಕೋಣೆಯೊಳಗೆ, ಕುಂಡದ ಮಣ್ಣು ಒಣಗುವುದೆಂತು?

ಮನಿ ಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೂರೆಯಾ ದ್ವೀಪ. ಆದರೂ ಅದು ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೇ ಸೇರಿದುದು. ಹಸಿಯ ಕೆಸುವಿನಲ್ಲಿದ್ದು ಗಂಟಲನ್ನು ಕೆರೆಯಿಸುವ ಸೂಜಿಯಂಥ ಹರಳುಗಳು ಇದರಲ್ಲಿಯೂ ಇವೆ. ಮಕ್ಕಳ, ಬೆಕ್ಕುಗಳ ಬಾಯಿಗೆ ಸಿಗದಂತೆ ಇಡಬೇಕು. ಮರಕ್ಕೆ ಹಬ್ಬಿ ನೆರಳಿನಲ್ಲಿ ಬೆಳೆಯುವ ಬಳ್ಳಿಯಾದುದರಿಂದ ಕಿಟಕಿಯ ತಿಳಿಬೆಳಕು ಅದಕ್ಕೆ ಸಾಕು. ಸುಡುಬಿಸಿಲು ಎಲೆಯನ್ನು ಕರಕಾಗಿಸುತ್ತದೆ.

ಊರಿಂದ ಮರಳಿದೊಡನೆ ಬಳ್ಳಿಯ ಗಟ್ಟಿಯಾದ ತುದಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಟ್ಟೆನು. ಕಬ್ಬಿನಂತೆ ಇದಕ್ಕೂ ಬೇರೊಡೆಯುವುದು ಗೆಣ್ಣಿನಲ್ಲಿಯೇ; ಬರಿಯ ಎಲೆಯಿಂದ ಬಳ್ಳಿಯಾಗದು. ಮಣ್ಣಿನಲ್ಲಿ ನೀರು ಹೆಚ್ಚಾಗಿ ಸತ್ತದ್ದು ಬರಿಯ ನೀರಿನಲ್ಲಿ ಬದುಕೀತೇ ಎಂದು ವಾಚಕರು ಕೇಳಬಹುದು. ನೀರಿನಲ್ಲಿ ಹುಟ್ಟಿದ ಬೇರು ನೀರಿಗೆ ಒಗ್ಗಿಕೊಂಡೇ ಬೆಳೆಯುತ್ತದೆ. ಆದರೂ ವಾರಕ್ಕೊಮ್ಮೆ ತಪ್ಪದೆ ನೀರನ್ನು ಬದಲಿಸಬೇಕು. ಹೊಸ ನೀರಿನಲ್ಲಿ ಗಾಳಿಯು ಕರಗಿರುತ್ತದೆ. ಡೆಂಗಿಯ ಸೊಳ್ಳೆಗೂ ಅಲ್ಲಿ ಮರಿಮಾಡಲು ಅವಕಾಶವಾಗದು.

ಕೆಲವು ವಾರಗಳಲ್ಲಿ ಬಿಳಿಯ ಬೇರುಗಳು ಮೂಡಿದವು. ತಳದಲ್ಲಿ ತೂತಿದ್ದ ಕುಂಡಕ್ಕೆ ಮಣ್ಣು, ಮರಳು, ಎಲೆಗೊಬ್ಬರಗಳನ್ನು ಬೆರೆಸಿ ತುಂಬಿ, ಬಳ್ಳಿಯನ್ನು ನೆಟ್ಟೆನು. ಬೆರಳಿನ ಎರಡು ಗೆಣ್ಣಿನಷ್ಟು ಆಳ ಮುಟ್ಟಿದಾಗ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಅದು ವಾರಕ್ಕೊಮ್ಮೆಯೂ ಬೇಕಾಗದು. ಬೇಸಗೆಯಲ್ಲಿ ಎರಡು ಮೂರು ದಿನಕ್ಕೇ ಬೇಕಾದೀತು. ವಾರದ ಲೆಕ್ಕಕ್ಕಿಂತ ಬೆರಳಿನ ಲೆಕ್ಕವೇ ಸರಿ.

ಈಗ ಬಳ್ಳಿಯು ಕಿಟಕಿಯ ಸರಳನ್ನು ಹಿಡಿದಿದೆ. ಅದರ ಒಂದು ತುಂಡನ್ನು ಬಾಟಲಿಯಲ್ಲಿಟ್ಟು ಜೋಯಿಡಾದ ಗೆಳತಿಗೆ ಕಳುಹಿಸಿದ್ದೇನೆ. ನಿಂತ ಓದನ್ನು ಮುಂದುವರಿಸೆಂದು ಜೊತೆಗೊಂದು ಚೀಟಿಯನ್ನೂ ಬರೆದಿದ್ದೇನೆ; ಉತ್ತರ ಇನ್ನೂ ಬಂದಿಲ್ಲ. ಪರೀಕ್ಷೆ ಮುಗಿದ ಮೇಲೆ ಕುಂಡವನ್ನು ಕಿರಿಯರೊಬ್ಬರಿಗೆ ಒಪ್ಪಿಸಬೇಕು. ಅವರಿಗೆ ನಾನು ಹೇಳುವುದು ಇಷ್ಟೇ: ತಂಬಿಗೆ ಎತ್ತುವ ಮೊದಲು ಮಣ್ಣನ್ನು ಮುಟ್ಟಿ ನೋಡಿರಿ.