ಗೇರ್‌ಬಾಕ್ಸ್ ಹಿಂದೆ, ಕ್ಲಚ್ ಮುಂದೆ: ಹಳೇ ಪೋರ್ಷೆ 944ರ ಕೆಳಗೆ ಒಂದು ಶನಿವಾರ

ಆನ್‌ಸೈಟ್ ಅಂತ ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಒಂದು ಕಾರಿನ ಗೇರ್‌ಬಾಕ್ಸ್ ಕೂರಿಸೋಕೆ ಕೈ ಹಾಕಿದ್ದೆ. ಇವತ್ತಿನ ಮಾತು ಅದರ ಬಗ್ಗೆ.

ಅಲ್ಲಿನ ಸಹೋದ್ಯೋಗಿಯೊಬ್ಬರ ಹತ್ತಿರ ಹಳೇ ಪೋರ್ಷೆ 944 ಇತ್ತು. ಅದರ ಕ್ಲಚ್ ಸವೆದು ಹೋಗಿತ್ತು. ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡೋ ಗ್ಯಾರೇಜ್‌ಗೆ ಹೋದ್ವಿ. ನಾನು ಗೇರ್‌ಬಾಕ್ಸ್ ಕಂಟ್ರೋಲ್ ಸಾಫ್ಟ್‌ವೇರ್ ಬರೆಯೋನು, ಸ್ಪ್ಯಾನರ್ ಹಿಡಿದದ್ದು ಕಮ್ಮಿ.

ಮೊದಲು ಈ ಕಾರಿನ ರಚನೆ ನೋಡೋಣ. ಎಂಜಿನ್, ಕ್ಲಚ್ ಎರಡೂ ಮುಂದೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಒಂದೇ ಗಟ್ಟಿಯಾಗಿ ಹಿಂದೆ. ಇದನ್ನೇ ಟ್ರಾನ್ಸ್‌ಆಕ್ಸಲ್ ಅಂತಾರೆ. ತೂಕ ಎರಡೂ ಕಡೆ ಹೆಚ್ಚುಕಮ್ಮಿ ಸಮ ಆಗಲಿ ಅಂತ ಹೀಗೆ ಮಾಡಿದ್ದು. ಇವೆರಡರ ನಡುವೆ ಟಾರ್ಕ್ ಟ್ಯೂಬ್ ಅನ್ನೋ ಕೊಳವೆ, ಅದರೊಳಗೆ ತೆಳುವಾದ ಶಾಫ್ಟ್. ಸಾಮಾನ್ಯ ಕಾರಿನ ಪ್ರೊಪೆಲರ್ ಶಾಫ್ಟ್ ಗೇರ್‌ಬಾಕ್ಸ್ ಆದಮೇಲೆ ತಿರುಗುತ್ತೆ. ಇಲ್ಲಿ ಶಾಫ್ಟ್ ಗೇರ್‌ಬಾಕ್ಸಿಗೂ ಮುಂಚೆ, ಹಾಗಾಗಿ ಎಂಜಿನ್ ವೇಗದಲ್ಲೇ ತಿರುಗುತ್ತೆ. ಮುಂದಿರೋ ಕ್ಲಚ್ ಬದಲಿಸಬೇಕಾದ್ರೂ ಹಿಂದಿನ ಗೇರ್‌ಬಾಕ್ಸ್ ಇಳಿಸಿ, ಟ್ಯೂಬನ್ನು ಹಿಂದಕ್ಕೆ ಸರಿಸಲೇಬೇಕು.

ಬಿಚ್ಚೋದು ಸಲೀಸಾಗಿ ಆಯ್ತು. ಹೊಸ ಕ್ಲಚ್ಚೂ ಕೂತಿತು. ಇನ್ನು ಗೇರ್‌ಬಾಕ್ಸ್. ಜ್ಯಾಕ್ ಮೇಲಿಟ್ಟು ಎತ್ತಿ ಟ್ಯೂಬಿಗೆ ಸೇರಿಸಿ, ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಹತ್ತಿಸಿದ್ವಿ. ಶಾಫ್ಟ್ ಮತ್ತು ಗೇರ್‌ಬಾಕ್ಸನ್ನು ಜೋಡಿಸೋದು ಒಂದು ಕಪ್ಲರ್, ಒಳಗೆಲ್ಲ ಹಲ್ಲು. ಅದರ ಬಿಗಿ ಬೋಲ್ಟ್‌ಗೆ ದಾರಿ ಪಕ್ಕದ ರಬ್ಬರ್ ಮುಚ್ಚಳ ತೆಗೆದ್ರೆ ಸಿಗೋ ಸಣ್ಣ ಕಿಂಡಿ. ಗೇರ್‌ಬಾಕ್ಸ್ ಶಾಫ್ಟ್‌ನಲ್ಲಿರೋ ಕಚ್ಚಿಗೆ ಸರಿಯಾಗಿ ಎದುರು ಬಂದ್ರೆ ಮಾತ್ರ ಬೋಲ್ಟ್ ತೂರುತ್ತೆ.

ನಮ್ಮ ಬೋಲ್ಟ್ ಹೋಗಲಿಲ್ಲ. ಗ್ಯಾರೇಜ್ ಮುಚ್ಚೋಕೆ ಮುಕ್ಕಾಲು ಗಂಟೆ ಇತ್ತು. "ಸುತ್ತಿಗೆಯಿಂದ ಎರಡು ಏಟು ಕೊಡ್ಲಾ?" ಅಂದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದ್ರು. ಕಪ್ಲರ್ ಅರ್ಧ ಮಾತ್ರ ಕೂತಿತ್ತು, ಹಲ್ಲಿಗೆ ಹಲ್ಲು ತಾಗಿ ನಿಂತಿತ್ತು. ಹಾಗೇ ಬಡಿದು ಬಿಗಿ ಮಾಡಿದ್ರೆ ಆವತ್ತು ಮನೆಗೇನೋ ಹೋಗ್ತಿದ್ವಿ. ಆಮೇಲೊಂದು ದಿನ ಹೈವೇನಲ್ಲಿ, ನಿಮಿಷಕ್ಕೆ ಸಾವಿರಾರು ಸಲ ತಿರುಗೋ ಶಾಫ್ಟ್ ಮೇಲೆ, ಅದು ಸಡಿಲ ಆಗ್ತಿತ್ತು.

ಹಲ್ಲು ಹೊಂದಿಸೋಕೆ ಗೇರ್‌ಬಾಕ್ಸ್ ಶಾಫ್ಟನ್ನು ಚೂರು ತಿರುಗಿಸಬೇಕು. ಗೇರ್ ಹಾಕಿ, ಆಕ್ಸಲ್ ಕೂರೋ ಎಡ ಫ್ಲ್ಯಾಂಜ್ ತಿರುಗಿಸಿದೆ. ಬಲಗಡೆದು ಉಲ್ಟಾ ತಿರುಗಿತು, ಶಾಫ್ಟ್ ಅಲುಗಲಿಲ್ಲ. ಮತ್ತೆ ತಿರುಗಿಸಿದೆ, ಅದೇ ಕಥೆ. ಅವರು ನಗ್ತಾ ಇದ್ರು. ಎಂ.ಟೆಕ್‌ನಲ್ಲಿ ಡಿಫರೆನ್ಷಿಯಲ್ ಮೇಲೆ ಪುಟಗಟ್ಟಲೆ ಸಮೀಕರಣ ಬರೆದೋನು ನಾನು! ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ತಿರುಗಿಸಬೇಕಿತ್ತು. ಹಾಗೆ ಮಾಡಿದ ತಕ್ಷಣ ಕಪ್ಲರ್ ಜಾರಿ ಒಳಗೆ ಹೋಯ್ತು, ಬೋಲ್ಟ್ ಬೆರಳಲ್ಲೇ ಹತ್ತಿತು.

ಉಳಿದದ್ದು ಕ್ರಮದ ಕೆಲಸ. ಎಂಜಿನ್ ಕೈಯಿಂದ ತಿರುಗಿಸಿ, ಎಲ್ಲಾ ಗೇರೂ ಬೀಳುತ್ತಾ ನೋಡಿ, ಆಮೇಲೇ ಎಕ್ಸಾಸ್ಟ್ ಹಾಕಿ. ಆಕ್ಸಲ್ ಬೋಲ್ಟ್‌ಗಳ ತಲೆಯಲ್ಲಿರೋ ಗ್ರೀಸ್ ಕೆರೆದು ತೆಗೀರಿ, ಇಲ್ಲಾಂದ್ರೆ ಟೂಲ್ ಪೂರ್ತಿ ಕೂರದೆ ತಲೆ ಸವೆದು ಹೋಗುತ್ತೆ. ಅವುಗಳ ಬಿಗಿ 42 ನ್ಯೂಟನ್ ಮೀಟರ್. ಇನ್ನೊಂದು ಮಾತು: ಹಳೇ ಆಯಿಲ್ ಇಳಿಸೋಕೂ ಮುಂಚೆ ತುಂಬೋ ಪ್ಲಗ್ ಬಿಚ್ಚಿಕೊಳ್ಳುತ್ತಾ ನೋಡ್ಕೊಳ್ಳಿ. ಖಾಲಿ ಮಾಡಿದ ಮೇಲೆ ಅದು ಬಿಚ್ಚಲಿಲ್ಲ ಅಂದ್ರೆ ಕಾರು ಲಿಫ್ಟ್ ಮೇಲೇ ಉಳಿಯುತ್ತೆ.

ನಾವು ಗ್ಯಾರೇಜ್ ಬಿಟ್ಟಾಗ ಬಾಗಿಲು ಮುಚ್ಚೋ ಹೊತ್ತು ಮೀರಿತ್ತು, ಇನ್ನೊಂದು ಗಂಟೆ ಬಾಡಿಗೆ ಕಟ್ಟಿದ್ವಿ. ಈಗ ಕೋಡ್ ಮರ್ಜ್ ಆಗದೆ ನಿಂತು, ಬೆರಳು 'ಫೋರ್ಸ್' ಕಡೆ ಹೋದಾಗೆಲ್ಲ ಆ ಸುತ್ತಿಗೆ ನೆನಪಾಗುತ್ತೆ. ಕೂರಬೇಕಾದ್ದು ಕೂರ್ತಿಲ್ಲ ಅಂದ್ರೆ ಎಲ್ಲೋ ಏನೋ ತಾಗ್ತಿದೆ. ಮೊದಲು ಅದನ್ನ ಹುಡುಕಿ.

ಮುಂದಿನ ಮಾತಿನಲ್ಲಿ ಸಿಗೋಣ.