ಪಾರ್ಕಿಂಗ್ ಜಾಗದ ಅಪಘಾತ ಮತ್ತು ಪಕ್ಕದಲ್ಲಿ ನಿಂತವರು

ಪಾರ್ಕಿಂಗ್ ಜಾಗದ ಅಪಘಾತಗಳು ಹೆಚ್ಚಾಗಿ ನಡಿಗೆಯ ವೇಗದಲ್ಲೇ ಆಗುತ್ತವೆ. ರಿವರ್ಸ್ ಬಂದ ಕಾರು ಹಿಂದಿದ್ದ ಸ್ಕೂಟರನ್ನು ಬೀಳಿಸುತ್ತದೆ, ಪಿಕಪ್‌ನ ಮೂಲೆ ಪಕ್ಕದ ಕಾರಿನ ಬಾಗಿಲಿಗೆ ತಾಗುತ್ತದೆ, ಯಾರೋ ನೋಡದೆ ತೆರೆದ ಬಾಗಿಲು ನಡೆದು ಹೋಗುತ್ತಿದ್ದವರ ಮೊಣಕೈಗೆ ಬಡಿಯುತ್ತದೆ. ವೇಗ ಕಡಿಮೆ ಇರುವುದರಿಂದ ನಷ್ಟವೂ ಸಾಮಾನ್ಯವಾಗಿ ಕಡಿಮೆ. ಆದರೆ ಗಾಡಿಗಳ ಸಂದಿಯಲ್ಲಿ ಓಡುವ ಮಗುವಿಗೆ, ಊರುಗೋಲು ಹಿಡಿದು ಬರುವ ಅಜ್ಜಿಗೆ ಆ ವೇಗವೇ ಹೆಚ್ಚು.

ಪುತ್ತೂರು, ಸುಳ್ಯ, ಕಡಬದ ಕಡೆ ಇದಕ್ಕೆ ನೆಲದ ಕಾರಣವೂ ಸೇರುತ್ತದೆ. ಇಲ್ಲಿ ಸಮತಟ್ಟಾದ ಜಾಗ ಸಿಗುವುದೇ ಅಪರೂಪ. ಎಷ್ಟೋ ಸಭಾಭವನ, ಶಾಲೆ, ಅಂಗಡಿಗಳ ಅಂಗಳ ಗುಡ್ಡ ಕಡಿದು ಮಾಡಿದ್ದು. ಒಂದು ಬದಿ ಬರೆ, ಇನ್ನೊಂದು ಬದಿ ಇಳಿಜಾರು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಏಪ್ರಿಲ್ ಜಾತ್ರೆ, ಅದರಲ್ಲೂ 17ರ ಬ್ರಹ್ಮರಥೋತ್ಸವ, ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ, ಸುಳ್ಯದ ಚೆನ್ನಕೇಶವ ದೇವರ ಜಾತ್ರೆ ಬಂತೆಂದರೆ ಖಾಲಿ ಜಾಗವೆಲ್ಲ ಪಾರ್ಕಿಂಗ್. ಊರಿನ ಕೆಎ 21ರ ಜೊತೆ ಕೊಡಗಿನ ಕೆಎ 12, ಕಾಸರಗೋಡಿನ ಕೆಎಲ್ 14, ಬೆಂಗಳೂರಿನ ಹಲವು ನಂಬರುಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಯಲುಸೀಮೆಯಲ್ಲಿ ಗಾಡಿ ಓಡಿಸಿ ಅಭ್ಯಾಸವಾದವರಿಗೆ ಏರಿನಲ್ಲಿ ಕ್ಲಚ್ ಬಿಟ್ಟು ಹಿಂದೆ ಜಾರದಂತೆ ಹೊರಡುವುದು ಸುಲಭವಲ್ಲ.

ಈ ಇಳಿಜಾರಿನ ವಿಷಯವನ್ನು ಕಾನೂನೂ ನೆನಪಿಟ್ಟುಕೊಂಡಿದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಗಾಡಿ ನಿಲ್ಲಿಸಿ ಇಳಿಯುವವರು ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು, ಇಲ್ಲವೇ ಗಾಡಿ ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು. ಲಾರಿ, ಜೀಪಿನವರು ಟಯರಿಗೆ ಕಲ್ಲು ಕೊಡುವುದು ಈ ಕಾಯ್ದೆ ಓದಿ ಅಲ್ಲ, ಆದರೆ ಕಾಯ್ದೆ ಕೇಳುವುದೂ ಅದನ್ನೇ. ಸಾರ್ವಜನಿಕ ಜಾಗ ಎಂದರೆ ರಸ್ತೆ ಮಾತ್ರ ಎಂಬುದು ತಪ್ಪು ಕಲ್ಪನೆ. ಜನರಿಗೆ ಪ್ರವೇಶದ ಹಕ್ಕಿರುವ ಯಾವ ಜಾಗವೂ, ಬಸ್ಸು ಜನರನ್ನು ಹತ್ತಿಸಿ ಇಳಿಸುವ ನಿಲ್ದಾಣವೂ ಅದರೊಳಗೆ ಬರುತ್ತದೆ.

ಪಕ್ಕದಲ್ಲಿದ್ದವರ ಪಾಲು ಕೆಲವೊಮ್ಮೆ ಅಪಘಾತಕ್ಕೆ ಮೊದಲೇ ಶುರುವಾಗಿರುತ್ತದೆ. ಗಾಡಿ ರಿವರ್ಸ್ ತೆಗೆಯುವಾಗ ‘ಬರ್ಲಿ, ಬರ್ಲಿ’ ಎನ್ನಲು ಒಬ್ಬರಲ್ಲ ಒಬ್ಬರು ಮುಂದೆ ಬರುತ್ತಾರೆ. ಹಾಗೆ ಹೇಳುವವರು ಹೆಚ್ಚಾಗಿ ಗಾಡಿಯ ನೇರ ಹಿಂದೆ ನಿಂತಿರುತ್ತಾರೆ. ಪಿಕಪ್‌ನಲ್ಲಿ ಅಡಿಕೆ ಮೂಟೆಯೋ ರಬ್ಬರ್ ಶೀಟಿನ ಕಟ್ಟೋ ಇದ್ದರೆ ಡ್ರೈವರಿಗೆ ಅವರು ಕಾಣುವುದೇ ಇಲ್ಲ, ಎಂಜಿನ್ ಸದ್ದಿನಲ್ಲಿ ‘ಸಾಕು, ಸಾಕು’ ಎಂದದ್ದು ಕೇಳುವುದೂ ಇಲ್ಲ. ಡ್ರೈವರ್ ಬದಿಯ ಕನ್ನಡಿಯಲ್ಲಿ ತನ್ನ ಮುಖ ಕಾಣುವಂತೆ, ಗಾಡಿ ಬರುವ ದಾರಿಯಿಂದ ಹೊರಗೆ ನಿಂತು ಕೈಸನ್ನೆ ಮಾಡುವವರಿಂದ ಮಾತ್ರ ಪ್ರಯೋಜನ.

ಗಾಡಿ ತಾಗಿದ ಮೇಲೆ ಮೊದಲ ಕೆಲಸ ಅದು ಇನ್ನಷ್ಟು ಚಲಿಸದಂತೆ ನೋಡಿಕೊಳ್ಳುವುದು. ಗಾಬರಿಯಾದ ಡ್ರೈವರ್ ಬ್ರೇಕೆಂದು ಆಕ್ಸಿಲರೇಟರ್ ಒತ್ತಬಹುದು, ‘ಮುಂದೆ ತೆಗೀರಿ’ ಎಂದು ನಾಲ್ಕು ಜನ ಕೂಗಿದರೆ ಬಿದ್ದವರ ಕಾಲಿನ ಮೇಲೆ ಇನ್ನೊಮ್ಮೆ ಹರಿಸಲೂಬಹುದು. ಎಂಜಿನ್ ಆರಿಸಲು ಒಬ್ಬರೇ ಹೇಳಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಇಳಿಜಾರಾದರೆ ತಗ್ಗಿನ ಬದಿಯಿಂದ ಟಯರಿಗೆ ಮುರಕಲ್ಲಿನ ತುಂಡು ಕೊಡಬೇಕು. ಅದನ್ನು ಪಕ್ಕದಿಂದ ತಳ್ಳಬೇಕೇ ಹೊರತು ಗಾಡಿಯ ಹಿಂದೆ ಕೂತಲ್ಲ.

ಬಿದ್ದವರನ್ನು ಕೂಡಲೇ ಎತ್ತಿ ನಿಲ್ಲಿಸುವುದು, ನೀರು ಕುಡಿಸುವುದು ಊರಿನ ಒಳ್ಳೆಯ ಮನಸ್ಸಿನ ಅಭ್ಯಾಸಗಳು, ಆದರೆ ಎರಡೂ ಸರಿಯಲ್ಲ. ಗಾಡಿ ಮತ್ತೆ ಜಾರುವ ಭಯವೋ ಬೆಂಕಿಯ ಭಯವೋ ಇಲ್ಲದಿದ್ದರೆ ಅವರನ್ನು ಇದ್ದಲ್ಲೇ ಬಿಟ್ಟು ಮಾತಾಡಿಸುವುದು ಒಳ್ಳೆಯದು. ಎಲ್ಲಿ ನೋವು, ಕೈಕಾಲು ಆಡಿಸಲು ಆಗುತ್ತದೆಯೇ, ಏನಾಯಿತೆಂದು ನೆನಪಿದೆಯೇ ಎಂದು ಕೇಳಬೇಕು. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ವಯಸ್ಸಾದವರು ಬಿದ್ದು ಏಳಲಾಗದೆ, ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಎಲುಬು ಮುರಿದಿರುವ ಸಾಧ್ಯತೆ ಹೆಚ್ಚು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತೊದಲು ಮಾತು ಕಂಡರೆ ಕಾಯಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಪೆಟ್ಟು ಸಣ್ಣದೆನಿಸಿದರೂ ಡಾಕ್ಟರಿಗೆ ತೋರಿಸಬೇಕು. ಮಗುವಿನ ಹೊಟ್ಟೆ, ಎದೆಯ ಮೇಲೆ ಟಯರು ಹತ್ತಿಳಿದಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೇ ಹೋಗಬೇಕು.

108 ಆಂಬ್ಯುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಪೊಲೀಸ್ ನೆರವಿಗೆ 112. ನೆಟ್‌ವರ್ಕ್ ಸಿಗದ ಕಾಡಂಚಿನ ಊರುಗಳಲ್ಲಿ ಹತ್ತಿರದ ಅಂಗಡಿಯ ವೈಫೈಯೋ ಲ್ಯಾಂಡ್‌ಲೈನೋ ಗತಿ. ಇಲ್ಲವಾದರೆ ಸ್ಟ್ಯಾಂಡಿನ ರಿಕ್ಷಾವೇ ಆಂಬ್ಯುಲೆನ್ಸ್. ಪುತ್ತೂರಿನ ಸರ್ಕಾರಿ ಆಸ್ಪತ್ರೆ, ಸುಳ್ಯದ ಕೆವಿಜಿ ವೈದ್ಯಕೀಯ ಕಾಲೇಜು ಈ ಭಾಗಕ್ಕೆ ಹತ್ತಿರದ ಆಸರೆಗಳು. ಅಲ್ಲಿಂದ ಮುಂದೆ ಎಂದರೆ ಸಾಮಾನ್ಯವಾಗಿ ಮಂಗಳೂರು.

ಯಾರಿಗೂ ಏನೂ ಆಗಿಲ್ಲ, ಗಾಡಿಗೆ ಮಾತ್ರ ಗೀರು ಎಂದಾದರೆ ಪಕ್ಕದಲ್ಲಿದ್ದವರ ಕೆಲಸ ಬದಲಾಗುತ್ತದೆ. ಎಷ್ಟೋ ಸಣ್ಣ ಅಪಘಾತಗಳು ದೊಡ್ಡ ಜಗಳವಾಗುವುದು ತಾಗಿಸಿದವರಿಂದಲ್ಲ, ಸುತ್ತ ನಿಂತವರ ಪಂಚಾತಿಕೆಯಿಂದ. ‘ಐದು ಸಾವಿರ ಕೊಟ್ಟು ಮುಗಿಸಿ’ ಎನ್ನುವವರಿಗೆ ಬಂಪರಿನ ಬೆಲೆ ಗೊತ್ತಿರುವುದಿಲ್ಲ. ಡ್ರೈವರನ ಕೀ ಕಿತ್ತುಕೊಳ್ಳಲು, ಹಣ ಕೊಡುವ ತನಕ ತಡೆದು ನಿಲ್ಲಿಸಲು ಗುಂಪಿಗೆ ಯಾವ ಅಧಿಕಾರವೂ ಇಲ್ಲ. ನೋಡಿದವರು ಮಾಡಬಹುದಾದ ನಿಜವಾದ ಉಪಕಾರ ಸಾಕ್ಷ್ಯ ಉಳಿಸುವುದು. ಗಾಡಿಗಳನ್ನು ಬದಿಗೆ ತೆಗೆಯುವ ಮೊದಲೇ ಎರಡೂ ನಂಬರು ಪ್ಲೇಟು, ತಾಗಿದ ಜಾಗ, ಟಯರು ತಿರುಗಿದ ದಿಕ್ಕು, ಒಟ್ಟು ಜಾಗ ಕಾಣುವ ಒಂದೆರಡು ಫೋಟೊ ತೆಗೆದಿಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಸಿಸಿಟಿವಿ ಇದ್ದರೆ ಆ ದಿನವೇ ಹೇಳಿಡಬೇಕು, ಹಳೆಯ ದೃಶ್ಯದ ಮೇಲೆ ಹೊಸತು ತುಂಬುತ್ತಾ ಹೋಗುತ್ತದೆ.

ನಿಂತ ಗಾಡಿಗೆ ತಾಗಿಸಿ ಯಾರಾದರೂ ಹೊರಟೇ ಹೋದರೆ ನಂಬರು, ಸಮಯ, ತನ್ನ ಫೋನ್ ನಂಬರ್ ಬರೆದ ಚೀಟಿಯನ್ನು ವೈಪರಿನ ಅಡಿ ಸಿಕ್ಕಿಸಬಹುದು. ಮದುವೆ ಹಾಲ್ ಆದರೆ ಇನ್ನೂ ಸುಲಭ. ‘ಕೆಎ 21, ಬಿಳಿ ಬಣ್ಣದ ಕಾರಿನವರು ದಯವಿಟ್ಟು ಹೊರಗೆ ಬರಬೇಕು’ ಎಂಬ ಮೈಕಿನ ಕರೆ ಊಟದ ಪಂಕ್ತಿಯ ತನಕ ಮುಟ್ಟುತ್ತದೆ.

ಕಾಯ್ದೆಯ 132ನೇ ಸೆಕ್ಷನ್ ಪ್ರಕಾರ ಅಪಘಾತದಿಂದ ಬಾಧಿತರಾದವರು ತಮ್ಮ ಹೆಸರು, ವಿಳಾಸ ಕೊಟ್ಟು ಕೇಳಿದರೆ ಡ್ರೈವರ್ ತನ್ನದನ್ನೂ ಮಾಲಕರದ್ದನ್ನೂ ಕೊಡಬೇಕು. ಗಾಯವಾಗಿದ್ದರೆ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದು, ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಲಿಖಿತ ಮಾಹಿತಿ ಕೊಡುವುದು 134ನೇ ಸೆಕ್ಷನ್ ಹೊರಿಸಿದ ಹೊಣೆ. ಪೊಲೀಸರು ಸ್ಥಳದಲ್ಲಿ ಇಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಬೇಕು. ಇದನ್ನು ತಪ್ಪಿಸಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಹಾಗಿದ್ದರೂ ಗೀರು, ಡೆಂಟಿನ ಹೆಚ್ಚಿನ ಪ್ರಕರಣಗಳು ಮಾತಿನಲ್ಲೇ ಮುಗಿಯುತ್ತವೆ. ಅದಕ್ಕೆ ಲೆಕ್ಕದ ಕಾರಣವಿದೆ. ಸ್ವಂತ ಗಾಡಿಯ ರಿಪೇರಿಗೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಶೇ. 50ರ ತನಕ ಏರುವ ಈ ರಿಯಾಯಿತಿ ಸಣ್ಣ ಡೆಂಟಿನ ಖರ್ಚಿಗಿಂತ ದೊಡ್ಡದಾಗಿರುವುದುಂಟು. ರಾಜಿ ತಪ್ಪಲ್ಲ, ಹಣ ಕೊಟ್ಟದ್ದನ್ನು ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಮುಂದೆ ತಕರಾರಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಆ ಗಳಿಗೆಯ ರಾಜಿ ಬೇಡ. ಕುತ್ತಿಗೆ, ಬೆನ್ನಿನ ನೋವು ಎಷ್ಟೋ ಸಲ ಮಾರನೆಯ ದಿನವೇ ಗೊತ್ತಾಗುವುದು.

‘ಸಹಾಯ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕು’ ಎಂಬ ಭಯ ಹಳೆಯದು, ಒಂದು ಕಾಲಕ್ಕೆ ನಿಜವೂ ಆಗಿತ್ತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ಎಂಬ ಯುವಕ ಲಾರಿಯಡಿ ಸಿಲುಕಿ, ಸಾಯುವ ಮುನ್ನ ಅಂಗಾಂಗ ದಾನಕ್ಕೆ ಕೇಳಿಕೊಂಡ ಘಟನೆ ನಾಡನ್ನು ಕಲಕಿತು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ರಾಜ್ಯ ತಂದ ಸಾಂತ್ವನ ಯೋಜನೆಗೆ ಅವನ ಹೆಸರನ್ನೇ ಇಡಲಾಯಿತು. ಅದೇ ವರ್ಷ ಮಾರ್ಚ್ 30ರಂದು ಸೇವ್‌ಲೈಫ್ ಫೌಂಡೇಶನ್ ಹೂಡಿದ್ದ ಮೊಕದ್ದಮೆಯಲ್ಲಿ, ನೆರವಿಗೆ ಬಂದವರ ರಕ್ಷಣೆಗಾಗಿ ಕೇಂದ್ರ ಮಾಡಿದ್ದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಮಸೂದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, ಇಂಥ ಕಾನೂನು ತಂದ ಮೊದಲ ರಾಜ್ಯವಾಯಿತು. 2019ರಲ್ಲಿ ಕೇಂದ್ರ ಕಾಯ್ದೆಗೆ 134ಎ ಸೆಕ್ಷನ್ ಸೇರಿತು, 2020ರಲ್ಲಿ ಅದರ ನಿಯಮಗಳು ಬಂದವು.

ಇವುಗಳ ಪ್ರಕಾರ ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ, ಆ ನೆರವಿನಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೆಂದು ಸಿವಿಲ್ ಅಥವಾ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಪೊಲೀಸರೂ ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರನ್ನು ಬಿಲ್ಲಿಗಾಗಿ ಕೂರಿಸಿಕೊಳ್ಳುವಂತಿಲ್ಲ. ತಾನೇ ಅಪಘಾತ ಮಾಡಿದವನಿಗೆ ಈ ರಕ್ಷಣೆ ಸಿಗುವುದಿಲ್ಲ.

ಸಾಕ್ಷಿ ಹೇಳಬೇಕೋ ಬೇಡವೋ ಎಂಬುದು ನೆರವಾದವರ ಇಷ್ಟಕ್ಕೆ ಬಿಟ್ಟದ್ದು. ಒಪ್ಪಿದರೆ ಪೊಲೀಸರು ಅವರಿಗೆ ಅನುಕೂಲವಾದ ಜಾಗಕ್ಕೆ, ಮನೆಗೋ ಅಂಗಡಿಗೋ ತೋಟಕ್ಕೋ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ಹೇಳಿಕೆಯನ್ನು ಅಫಿಡವಿಟ್ ರೂಪದಲ್ಲಿ ಕೊಟ್ಟರೆ ಅದನ್ನೇ ಪೂರ್ಣ ಹೇಳಿಕೆಯೆಂದು ಪರಿಗಣಿಸಬೇಕು. ತನಿಖಾಧಿಕಾರಿಯ ಭಾಷೆ ಬಾರದವರಿಗೆ ದುಭಾಷಿಯ ವ್ಯವಸ್ಥೆಯೂ ಉಂಟು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ ಒಂದೇ ಪೇಟೆಯಲ್ಲಿ ಕೇಳುವ ಈ ಮೂರು ತಾಲೂಕುಗಳಲ್ಲಿ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿಯ ಮುಂದೆ ಅದು ಕೆಲಸಕ್ಕೆ ಬರುವ ಸೌಲಭ್ಯವೇ.